ಎಲ್-1ಕ್ಕೆ ಹೊರಗುತ್ತಿಗೆ

ಕಥೆಗಳಲ್ಲಿ ಬರುವ ಅಂತರಿಕ್ಷದ ಕೂಲಿಪಡೆಗೆ ಏನು ಕಮ್ಮಿ? ಸ್ವಂತ ನೌಕೆ, ಸ್ವಂತ ಬಾವುಟ, ಕೆನ್ನೆ ಮೇಲೆ ಹಳೇ ಗಾಯದ ಮಾಜಿ ಕರ್ನಲ್, ಯಾವ ಗ್ರಹದ ದುಡ್ಡಾದರೂ ನಡೆಯುತ್ತದೆ ಎನ್ನುವ ಗತ್ತು. ಆ ಪಡೆ ಯಾವ ಟೆಂಡರ್‌ನಲ್ಲಿ ಬಂತು, ಠೇವಣಿ ಎಷ್ಟು ಕಟ್ಟಿತು ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಆ ಕೊರತೆಯನ್ನು ದಾವಣಗೆರೆ ನೀಗಿಸಬಲ್ಲದು. ಪಿ.ಬಿ. ರಸ್ತೆಯಲ್ಲಿ ಮಹಡಿ ಮೇಲೊಂದು ರೂಮು, ಒಂದು ಝೆರಾಕ್ಸ್ ಯಂತ್ರ, ಎರಡು ರಬ್ಬರ್ ಸ್ಟಾಂಪು ಇದ್ದರೆ ಸೆಕ್ಯುರಿಟಿ ಏಜೆನ್ಸಿ ಎಂಬ ಪಡೆ ಸಿದ್ಧ. ಗಾಡಿಯ ಚಿಂತೆಯೂ ಇಲ್ಲ. ಚಳ್ಳಕೆರೆ ಕಡೆಯ ರನ್‌ವೇ ಮೇಲೆ ಇಸ್ರೋದ ರೆಕ್ಕೆಯ ವಾಹನ 2023ರ ಏಪ್ರಿಲ್ 2ರಂದು ಪೈಲಟ್ ಇಲ್ಲದೆ ತಾನೇ ಇಳಿದಿದೆ. ಅದನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಹೊತ್ತೊಯ್ದು ಬಿಟ್ಟಿತ್ತು ಎಂಬುದನ್ನು ಟೆಂಡರ್‌ನಲ್ಲಿ ಬರೆಯಬೇಕಾಗಿಲ್ಲ.

ಕಾವಲಿನ ಜಾಗ ಎಲ್-1, ಅಂದರೆ ನೌಕೆಯೊಂದು ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತಬಹುದಾದ ಬಿಂದು. ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು 15 ಲಕ್ಷ ಕಿ.ಮೀ.; ಸೂರ್ಯನನ್ನು ನೋಡುವ ನಮ್ಮ ನೌಕೆ ಆದಿತ್ಯ-ಎಲ್1 2024ರ ಜನವರಿ 6ರಿಂದ ಅದರ ಸುತ್ತಲೇ ಸುತ್ತುತ್ತಿದೆ. ಟೆಂಡರ್ ಭಾಷೆಯಲ್ಲಿ ಎಲ್-1 ಎಂದರೆ ಎಲ್ಲರಿಗಿಂತ ಕಮ್ಮಿ ದರ ಬರೆದವನು. ಎರಡೂ ಎಲ್-1ಗಳು ಸುಮ್ಮನೆ ಬಿಟ್ಟರೆ ನಿಲ್ಲುವಂಥವಲ್ಲ. ಅಲ್ಲಿ ನೌಕೆ ಆಗಾಗ ಇಂಧನ ಉರಿಸಿ ಜಾಗಕ್ಕೆ ಮರಳಬೇಕು, ಇಲ್ಲಿ ಏಜೆನ್ಸಿ ಕಾವಲುಗಾರನ ಸಂಬಳ ಉರಿಸಿ.

ಮೊದಲು ಲೈಸೆನ್ಸ್. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಲ್ಲಿ ಶುಲ್ಕ ಒಂದು ಜಿಲ್ಲೆಗೆ 5,000 ರೂಪಾಯಿ, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000. ಹಾಗಾದರೆ ಎಲ್-1 ಯಾವ ಜಿಲ್ಲೆ? 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ನಮಗೆ ಬಂತೋ ಚಿತ್ರದುರ್ಗದಲ್ಲೇ ಉಳಿಯಿತೋ, ಕಡತ ಸಿಗುತ್ತಿಲ್ಲ. ಹೊರದೇಶದಲ್ಲಿ ಕಾವಲು ಕೊಡುವುದಾದರೆ ಬೇರೆ ಅನುಮತಿ ಬೇಕು, ಕೇಂದ್ರವನ್ನೂ ಕೇಳಬೇಕು. ಆದರೆ 1967ರ ಬಾಹ್ಯಾಕಾಶ ಒಪ್ಪಂದದ 2ನೇ ವಿಧಿಯಂತೆ ಮೇಲಿನ ಜಾಗ ಯಾವ ದೇಶವೂ ತನ್ನದೆನ್ನುವಂತಿಲ್ಲ. ಯಾರ ದೇಶವೂ ಅಲ್ಲದ್ದು ಹೊರದೇಶ ಹೇಗಾದೀತು ಎಂದು ಗುಮಾಸ್ತರು ಕೇಳುತ್ತಾರೆ, ನ್ಯಾಯವೇ. ಏಜೆನ್ಸಿ ಮಾಲೀಕರು ಫ್ರೇಮ್ ಹಾಕಿಸಿಕೊಳ್ಳಬೇಕಾದದ್ದು 6ನೇ ವಿಧಿ: ಖಾಸಗಿಯವರು ಮೇಲೆ ಹೋಗಿ ಏನು ಮಾಡಿದರೂ ಹೊಣೆ ಅವರ ದೇಶದ್ದು.

ಇನ್ನು ಭರ್ತಿ. ಗಡಿಯಲ್ಲಿ 17 ವರ್ಷ ದುಡಿದು, ರೇಡಾರ್ ರಿಪೇರಿ ಮಾಡಿ ಬಂದ ಹವಾಲ್ದಾರ್‌ಗೂ ಆ ಕಾಯ್ದೆಯ ಮಾದರಿ ನಿಯಮದಂತೆ ಏಳು ದಿನಗಳಲ್ಲಿ 40 ಗಂಟೆ ಪಾಠ, 16 ಗಂಟೆ ಕವಾಯತು. ಗೇಟು ಎತ್ತೋದು ಸುಮ್ಮನೆ ಬರುತ್ತದೆಯೇ? ಒಂದು ಕಿ.ಮೀ.ಯನ್ನು ಆರು ನಿಮಿಷದಲ್ಲಿ ಓಡಬೇಕು. ತೂಕವೇ ಇಲ್ಲದಲ್ಲಿ ಓಡಲು ನೆಲ ಒತ್ತುವುದಿಲ್ಲ, ಕಾಲು ಬೀಸಿದರೆ ಅಲ್ಲೇ ಗಿರಗಿರ. ಶೂಗೆ ಲೇಸು ಕಡ್ಡಾಯ, ಒತ್ತಡದ ಪೋಷಾಕಿನ ಬೂಟಿಗೂ ತೂತು ಕೊರೆಸಿ. ವಿಸಿಲ್ ಎಡ ಜೇಬಿನಲ್ಲೇ ಇರಬೇಕು. ಊದಲು ಹೆಲ್ಮೆಟ್ ತೆಗೆಯಬೇಕು, ತೆಗೆದರೂ ಗಾಳಿಯಿಲ್ಲದಲ್ಲಿ ಸದ್ದು ಹೊರಡದು. ತಪಾಸಣೆಗೆ ಬಂದವರು ನೋಡುವುದು ಜೇಬನ್ನು ಮಾತ್ರ, ಆದ್ದರಿಂದ ತೊಂದರೆ ಇಲ್ಲ.

ಲೇಸರ್ ಗೀಸರ್ ಎಲ್ಲ ಕಥೆಯವರಿಗೆ. ಗನ್‌ಮ್ಯಾನ್‌ಗೆ ಸಿಗುವುದು ಅದೇ 12 ಬೋರ್ ಡಬಲ್ ಬ್ಯಾರಲ್. ನಿರ್ವಾತದಲ್ಲೂ ಅದು ಹಾರುತ್ತದೆ, ಮದ್ದಿನೊಳಗೇ ಆಮ್ಲಜನಕದ ಅಂಶ ಇರುತ್ತದಲ್ಲ. ಕಷ್ಟ ಶುರುವಾಗುವುದು ಹಾರಿಸಿದ ಮೇಲೆ. 32 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಮುಂದೆ ಹೋದರೆ, ಪೋಷಾಕು ಸೇರಿ 200 ಕಿಲೋ ಆಗುವ ಕಾವಲುಗಾರ ಸೆಕೆಂಡಿಗೆ ಆರು ಸೆಂ.ಮೀ. ಮೇಲ್ಪಟ್ಟು ಹಿಂದೆ ಸರಿಯುತ್ತಾನೆ. ತಡೆಯಲು ಗೋಡೆಯಿಲ್ಲ. ಒಂದು ಗಂಟೆಯಲ್ಲಿ 230 ಮೀಟರ್. ಎರಡೂ ನಳಿಗೆ ಸಿಡಿಸಿದರೆ ಅದರ ಎರಡರಷ್ಟು. ಹೆಗಲಿಗೆ ಒತ್ತಿ ಹಾರಿಸಿದ್ದರಿಂದ ಹಿಂಪಲ್ಟಿ ಬೇರೆ. ಬಂದೂಕಿನ ಎಣ್ಣೆ ಆವಿಯಾಗಿ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ, ಬಿಸಿಯಾದ ನಳಿಗೆ ಆರಿಸಲು ಗಾಳಿಯಿಲ್ಲ. ಕಳ್ಳ ನಿಂತಲ್ಲೇ ನಿಂತಿರುತ್ತಾನೆ, ಕಾವಲುಗಾರ ದೂರವಾಗುತ್ತಿರುತ್ತಾನೆ. ರಿಜಿಸ್ಟರ್‌ನಲ್ಲಿ ಷರಾ: ಡ್ಯೂಟಿ ಪಾಯಿಂಟ್ ಬಿಟ್ಟು ಹೋಗಿದ್ದಾನೆ.

ಟೆಂಡರ್ ಗೆಲ್ಲುವುದು ಗಾಳಿಯಲ್ಲಿ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋ ಆಮ್ಲಜನಕ ಬೇಕು. 30 ಜನ, ಜೊತೆಗೆ 15 ಜನಕ್ಕೊಬ್ಬನಂತೆ ಇಬ್ಬರು ಸೂಪರ್‌ವೈಸರ್: ದಿನಕ್ಕೆ 27 ಕಿಲೋ. ಬುದ್ಧಿವಂತ ಏಜೆನ್ಸಿ ಈ ಕಾಲಂನಲ್ಲಿ ಸೊನ್ನೆ ಬರೆದು ಎಲ್-1 ಆಗುತ್ತದೆ. ಆಮೇಲೆ ಸಂಬಳದ ಚೀಟಿಯಲ್ಲಿ ಪಿ.ಎಫ್. 12%, ಇ.ಎಸ್.ಐ. 0.75%, ಸಮವಸ್ತ್ರ, ಅದರ ಕೆಳಗೆ ಹೊಸದೊಂದು ಸಾಲು: ಉಸಿರು ಮುಂಗಡ. ಬಿಟ್ಟ ಉಸಿರಿನದ್ದು ಇನ್ನೂ ದೊಡ್ಡ ಕಥೆ. ತಲಾ ಒಂದು ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೀರಲು ಅಷ್ಟೇ ತೂಕಕ್ಕಿಂತ ತುಸು ಹೆಚ್ಚು ಲಿಥಿಯಂ ಹೈಡ್ರಾಕ್ಸೈಡ್ ಬೇಕು, ಒಮ್ಮೆ ಬಳಸಿದ ಡಬ್ಬಿ ಬಿಸಾಡಬೇಕು. ಬಿಸಾಡುವುದೇ? ಬಿಸಿಲಿಗೆ ಒಣಗಿಸಿ ಮತ್ತೆ ತುರುಕಿದರಾಯಿತು. ಮೊದಲು ತಲೆನೋವು, ಆಮೇಲೆ ಮಂಪರು. ಕಣ್ಣು ಕೂತವನಿಗೆ ಡ್ಯೂಟಿಯಲ್ಲಿ ನಿದ್ದೆ ಎಂದು ದಂಡ. ಹಾಳು ಡಬ್ಬಿಯಿಂದಲೂ ಆದಾಯ ತೆಗೆಯುವ ಈ ಜಾಣತನ ಯಾವ ಗ್ಯಾಲಕ್ಸಿಯ ಕರ್ನಲ್‌ಗೂ ಹೊಳೆದಿಲ್ಲ.

ಊಟದ ಹೊತ್ತಿಗೆ ಬದಲಿ ಆಳು ಕೊಡಿ ಎಂದು ಕೇಳಬೇಡಿ. ಕೊಡದಿರುವುದು ದುರ್ಗದಷ್ಟೇ ಹಳೆಯ ಪದ್ಧತಿ. ಗಂಡ ಉಣ್ಣಲು ಕೂತಾಗ ಕಿಂಡಿ ಕಾದದ್ದು ಓಬವ್ವ; ಅವಳ ಹೆಸರು ಯಾವ ಮಸ್ಟರ್ ರೋಲಿನಲ್ಲಿತ್ತು? ಒನಕೆಯೂ ಮನೆಯದೇ. ಈಗಿನ ಏಜೆನ್ಸಿಯಾಗಿದ್ದರೆ ಒನಕೆಗೆ ಬಾಡಿಗೆ ಹಿಡಿದುಕೊಳ್ಳುತ್ತಿತ್ತು.

ರಾತ್ರಿ ಪಾಳಿ ಭತ್ಯೆಯ ತಕರಾರೂ ಏಳುವುದಿಲ್ಲ. ಎಲ್-1ರಲ್ಲಿ ಸೂರ್ಯ ಮುಳುಗುವುದೇ ಇಲ್ಲ. ವರ್ಷಪೂರ್ತಿ ನಿಂತು ಚಳ್ಳಕೆರೆಗೆ ಇಳಿದು ಬಂದ ಹವಾಲ್ದಾರ್‌ಗೆ ಪಿ.ಬಿ. ರಸ್ತೆಯ ಮಹಡಿಯಲ್ಲಿ ಲೆಕ್ಕ ಚುಕ್ತಾ ಮಾಡಿ ಕೊಡುತ್ತಾರೆ. ಹಾಜರಿ: ಒಂದು ದಿನ.