ಸ್ಪಷ್ಟನೆ: ಮೇನಿಂದ ಸೆಪ್ಟೆಂಬರ್‌ವರೆಗೆ ಇಡೀ ಶ್ರೀಲಂಕಾದಲ್ಲಿ ಮಳೆ ಅನ್ನುವುದು ತಪ್ಪು

"ಮೇನಿಂದ ಸೆಪ್ಟೆಂಬರ್‌ವರೆಗೆ ಶ್ರೀಲಂಕಾ ಪೂರ್ತಿ ಮಳೆ, ಟಿಕೆಟ್ ಮಾಡಿಸಬೇಡಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಆ ತಿಂಗಳುಗಳಲ್ಲಿ ನೈಋತ್ಯ ಮುಂಗಾರು ಸುರಿಯುವುದು ಕೊಲಂಬೊ, ಗಾಲೆ, ಬೆಂಟೋಟ ಇರುವ ಕಡೆ. ನಡುವಿನ ಬೆಟ್ಟಸಾಲು ಮೋಡಗಳನ್ನು ತಡೆಯುತ್ತದೆ. ಅಲ್ಲಿನ ಪಿದುರುತಲಾಗಲ ಶಿಖರವೇ 2,524 ಮೀಟರ್ ಎತ್ತರ. ಬೆಟ್ಟದ ಆಚೆ, ಪೂರ್ವದಲ್ಲಿ ಟ್ರಿಂಕೋಮಲಿ, ಪಾಸಿಕುಡ, ಅರುಗಂ ಬೇ ಕಡೆ ಆಗ ಒಣಹವೆ ಜಾಸ್ತಿ; ಟ್ರಿಂಕೋಮಲಿ, ಪಾಸಿಕುಡದಲ್ಲಿ ಸಮುದ್ರವೂ ಶಾಂತ. ಅರುಗಂ ಬೇಯಲ್ಲಿ ಸರ್ಫಿಂಗ್‌ಗೆ ಅದೇ ಒಳ್ಳೆಯ ಕಾಲ.

ಚಹಾ ತೋಟಗಳಲ್ಲೇ ಇದನ್ನು ನೋಡಬಹುದು. ಜುಲೈ, ಆಗಸ್ಟ್‌ನಲ್ಲಿ ಪಶ್ಚಿಮದ ಇಳಿಜಾರು ಮಂಜು, ಜಿಟಿಜಿಟಿ ಮಳೆಯಲ್ಲಿ ತೊಯ್ದಿರುತ್ತದೆ. ಅದೇ ಹೊತ್ತಿಗೆ ಪೂರ್ವದ ಊವಾದಲ್ಲಿ ಒಣ ಗಾಳಿ ಬೀಸುತ್ತದೆ. ಊವಾ ಚಹಾಕ್ಕೆ ಅದರ ವಿಶೇಷ ಪರಿಮಳ ಬರುವುದೇ ಆ ಗಾಳಿಯಿಂದ! ಮಿನ್ನೇರಿಯ ಕೆರೆಯಲ್ಲೂ ನೀರು ಇಳಿದು, ಹೊಸ ಹುಲ್ಲಿಗೆ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದು ತಿರುಗುಮುರುಗು. ಆಗ ಈಶಾನ್ಯ ಮಾರುತದ ಮಳೆ ಪೂರ್ವಕ್ಕೆ, ಬಿಸಿಲು ಗಾಲೆ, ಮಿರಿಸ್ಸ ಕಡೆಗೆ. ಎಲ್ಲ ಕಡೆ ಮಳೆಯಾಗುವ ಸಾಧ್ಯತೆ ಇರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಶ್ರೀಲಂಕಾದ ಹವಾಮಾನ ಇಲಾಖೆ ವರ್ಷವನ್ನು ನಾಲ್ಕು ಮಳೆ ಅವಧಿಗಳಾಗಿ ವಿಂಗಡಿಸಿರುವುದೂ ಹೀಗೆಯೇ.

ರಜೆ ಸಿಗುವುದೇ ಆಗಸ್ಟ್‌ನಲ್ಲಿ ಅಂದರೆ ಪ್ರವಾಸ ಬಿಡಬೇಕಿಲ್ಲ, ಪೂರ್ವ ತೀರ ಆರಿಸಿಕೊಳ್ಳಿ. ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.