2050ಕ್ಕೆ ಬನ್ನಿ, ಹೊಗೆ ಇರುವುದಿಲ್ಲ

ಮಂಗಳೂರಿನ ಮಾಲ್ ಒಂದರಲ್ಲಿರುವ ಸರಣಿ ಹೋಟೆಲಿನ ಟೇಬಲ್ ಕಾರ್ಡೊಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. 'ನಾವು 2050ಕ್ಕೆ ನೆಟ್ ಜೀರೋ.' ಅಂದರೆ ಬಿಟ್ಟ ಹೊಗೆಯಷ್ಟನ್ನೇ ಗಾಳಿಯಿಂದ ಹಿಂದೆ ತೆಗೆದು ಲೆಕ್ಕ ಸೊನ್ನೆ ಮಾಡುತ್ತಾರಂತೆ. ಹಸಿರು ಅಕ್ಷರ, ಪಕ್ಕದಲ್ಲೊಂದು ಎಲೆಯ ಚಿತ್ರ, ಮೇಲೆ ದಪ್ಪ ಪ್ಲಾಸ್ಟಿಕ್ ಲ್ಯಾಮಿನೇಷನ್.

ಹೆಮ್ಮೆ ಆಯ್ತು ಮಾರಾಯ್ರೆ. ನಮ್ಮ ದೇಶವೇ 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನಕ್ಕೆ ಹೋಗಿ ಇದಕ್ಕೆ 2070ರ ತನಕ ಟೈಮ್ ಬೇಕು ಎಂದು ಹೇಳಿ ಬಂದಿದೆ. ಇವರು ಇಪ್ಪತ್ತು ವರ್ಷ ಮೊದಲೇ ಮುಗಿಸುತ್ತಾರಂತೆ. ಸದ್ಯಕ್ಕೆ ಒಳಗಿನ ಏಸಿಗೆ ಮೇ ತಿಂಗಳಲ್ಲೂ ಜನ ಶಾಲು ಹೊದ್ದು ಉಣ್ಣುತ್ತಿದ್ದಾರೆ. ಇರಲಿ, 2050 ಇನ್ನೂ ದೂರ ಉಂಟಲ್ಲ.

ಈ ಹೊಗೆಯ ಲೆಕ್ಕದಲ್ಲಿ ಮೂರು ಖಾನೆ, ಹೆಸರು ಸ್ಕೋಪ್. ಅಡುಗೆಮನೆಯ ಗ್ಯಾಸ್, ಫ್ರಿಜ್ಜಿನಿಂದ ಸೋರುವ ಅನಿಲ ಸ್ಕೋಪ್ 1. ಕರೆಂಟು ಸ್ಕೋಪ್ 2. ಅದು ಎಲ್ಲಿಂದ ಬರುತ್ತದೆ ಎಂದು ಉಡುಪಿ ಜಿಲ್ಲೆಯ ಯಲ್ಲೂರಿನವರನ್ನು ಕೇಳಿ, 1200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇರುವುದು ಅವರ ಊರಲ್ಲಿ. ಕೋಳಿ, ಚೀಸು, ಅಕ್ಕಿ, ಲಾರಿ, ಕಸ, ಹೀಗೆ ಉಳಿದದ್ದೆಲ್ಲ ಸ್ಕೋಪ್ 3. ಹೋಟೆಲ್ ಧಂದೆಯಲ್ಲಿ ದೊಡ್ಡ ಪಾಲು ಇದರದ್ದೇ. ಹಸು ತೇಗಿದರೂ ಮೀಥೇನ್, ಗದ್ದೆಯಲ್ಲಿ ನೀರು ನಿಂತರೂ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಕಾರ್ಡಿನಲ್ಲಿ ಮೂರನೇ ಖಾನೆ ಮಾತ್ರ 'ಪರಿಶೀಲನೆಯಲ್ಲಿದೆ'. ಚೀಸನ್ನು ಪರಿಶೀಲಿಸಲು ಎಷ್ಟು ವರ್ಷ ಬೇಕು?

ದೊಡ್ಡವರದ್ದು ಇನ್ನೂ ನಾಜೂಕು. ಮ್ಯಾಕ್‌ಡೊನಾಲ್ಡ್ಸ್ 2018ರಲ್ಲಿ ಹೇಳಿತ್ತು: 2015ಕ್ಕೆ ಹೋಲಿಸಿದರೆ 2030ರೊಳಗೆ ಪೂರೈಕೆಯ ಸರಪಳಿಯಲ್ಲಿ 31% ಕಡಿತ. ಆದರೆ ಅದು ಪ್ರತಿ ಟನ್ ಆಹಾರ ಮತ್ತು ಪ್ಯಾಕಿಂಗಿನ ಲೆಕ್ಕ. ಟನ್ನುಗಳೇ ಜಾಸ್ತಿಯಾದರೆ? ಆಗ ಒಟ್ಟು ಹೊಗೆ ಏರಬಹುದು, ಮಾತೂ ಉಳಿಯಬಹುದು.

ನಮ್ಮ ಹಳೇ ಉಡುಪಿ ಹೋಟೆಲಿನ ಧಣಿಗಳು ಇಂಥ ಕಾರ್ಡು ಮಾಡಿಸಲಿಲ್ಲ, ಖರ್ಚಲ್ವಾ. ಗಿರಾಕಿ ಎದ್ದ ಕೂಡಲೇ ಗಲ್ಲಾದಲ್ಲಿ ಕುಳಿತೇ ಫ್ಯಾನ್ ಬಂದ್ ಮಾಡುತ್ತಿದ್ದರು. ಸೌತೆ ಅಗ್ಗವಾದರೆ ವಾರವಿಡೀ ಸೌತೆಯ ಸಾಂಬಾರು. ಎಂಜಲೆಲೆ ಹಟ್ಟಿಯ ದನಕ್ಕೆ. ಎರಡನೇ ಸಲ ಚಟ್ನಿ ಕೇಳಿದರೆ ಮಾಣಿಗೆ ಕಿವುಡು. ಪರಿಸರಪ್ರೇಮ ಎಂದೆಲ್ಲ ಹೊಗಳಬೇಡಿ, ಅದು ಅಪ್ಪಟ ಜುಗ್ಗತನ. ಆ ಜುಗ್ಗತನಕ್ಕೆ ಇಂದು ಯಾರಾದರೂ ಸರ್ಟಿಫಿಕೇಟ್ ಕೊಟ್ಟರೆ ಧಣಿಗಳು ಫ್ರೇಮಿನ ದುಡ್ಡು ಯಾರದ್ದು ಎಂದು ಕೇಳುತ್ತಿದ್ದರು.

ಹೊಸಬರಿಗೆ ಜುಗ್ಗತನ ಇರುವುದು ಸ್ಟ್ರಾದಲ್ಲಿ ಮಾತ್ರ. 2022ರ ಜುಲೈ 1ಕ್ಕೆ ಕಾನೂನೇ ಪ್ಲಾಸ್ಟಿಕ್ ಸ್ಟ್ರಾ ನಿಲ್ಲಿಸಿತು. ಅದನ್ನೂ ತಮ್ಮ ತ್ಯಾಗ ಎಂದು ಕಾರ್ಡಿನಲ್ಲಿ ಬರೆದುಕೊಂಡಿದ್ದಾರೆ! ಕಾಗದದ ಸ್ಟ್ರಾ ಅರ್ಧ ಜ್ಯೂಸಿಗೇ ಮೆತ್ತಗಾಗುತ್ತದೆ. ಉಳಿದರ್ಧ ಕುಡಿಯುವುದು ಗಿರಾಕಿಯ ಹವಾಮಾನ ಬದ್ಧತೆ.

ನಗು ಸಾಕು. ಉಳ್ಳಾಲದ ಕಡೆ ಪ್ರತಿ ಮಳೆಗಾಲ ಕಡಲು ಮನೆಯ ಅಂಗಳಕ್ಕೆ ಬರುತ್ತದೆ. 2020ರ ಸೆಪ್ಟೆಂಬರಿನ ನೆರೆಯಲ್ಲಿ ಉಡುಪಿಯ ಜನ ದೋಣಿ ಹತ್ತಿ ಮನೆ ಬಿಟ್ಟರು. ಅವರಿಗೆ 2050 ಎಂದರೆ ಎಂತ? ದಿನಾಂಕ ಹಾಕಿದವರು ಅಷ್ಟರಲ್ಲಿ ರಿಟೈರ್ ಆಗಿರುತ್ತಾರೆ. ಕೇಳುವವರಿಲ್ಲ, ಹೇಳುವವರಿಲ್ಲ, ಸುಮ್ನೆ ಒಂದು ಇಸವಿ.

ಈ ವರ್ಷದ ಒಟ್ಟು ಹೊಗೆ ಎಷ್ಟು, ಹೋದ ವರ್ಷ ಎಷ್ಟಿತ್ತು ಎಂದು ಮ್ಯಾನೇಜರ್ ಹುಡುಗನನ್ನು ಕೇಳಿದೆ. ಪಾಪ, ಫೀಡ್‌ಬ್ಯಾಕ್ ಫಾರ್ಮ್ ತಂದುಕೊಟ್ಟ. ಅದರಲ್ಲಿದ್ದ ಮೊದಲ ಪ್ರಶ್ನೆ: ನಮ್ಮ ಸಿಬ್ಬಂದಿ ನಿಮ್ಮನ್ನು ನೋಡಿ ನಕ್ಕರೇ?