ನಾಲ್ಕೂವರೆಯಿಂದ ಐದೂವರೆಗೆ

ಗಾಳಿಯ ಒತ್ತಡದಿಂದ ಸೀಸದ ಪೆಲೆಟ್ ಹಾರಿಸುವ ಏರ್ ರೈಫಲ್ ವಿಷಯದಲ್ಲಿ ಇಂಗ್ಲೆಂಡಿನವರಿಗಿಂತ ನಮ್ಮ ಕಾನೂನೇ ಕೈಬಿಚ್ಚಿ ಕೊಟ್ಟಿದೆ ಅಂದರೆ ದಾವಣಗೆರೆಯಲ್ಲಿ ಯಾರೂ ನಂಬುವುದಿಲ್ಲ. ಒಂದು ಲೆಕ್ಕದಲ್ಲಿ ಅದು ನಿಜ. ನಾನಿರುವ ಬರ್ಮಿಂಗ್‌ಹ್ಯಾಮ್‌ನಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಏರ್ ರೈಫಲ್ಲಿನ ಹೊಡೆತದ ಶಕ್ತಿ 12 ಫುಟ್‌ಪೌಂಡ್ ದಾಟುವಂತಿಲ್ಲ. ಜೂಲ್ ಲೆಕ್ಕದಲ್ಲಿ 16 ಚಿಲ್ಲರೆ. ಭಾರತದ 2016ರ ಆರ್ಮ್ಸ್ ರೂಲ್ಸ್ 20 ಜೂಲ್‌ವರೆಗೂ ಲೈಸೆನ್ಸ್ ಕೇಳುವುದಿಲ್ಲ. ಆದರೆ ನಮ್ಮಲ್ಲಿ ಅದರ ಜೊತೆಗೆ ಇನ್ನೊಂದು ಷರತ್ತಿದೆ: ಬ್ಯಾರಲ್ಲಿನ ಬೋರು (ಒಳಗಿನ ತೂತಿನ ಅಗಲ) .177 ಇಂಚು, ಅಂದರೆ 4.5 ಎಂಎಂ ದಾಟಬಾರದು. ಇಲ್ಲಿಯವರಿಗೆ ಆ ಷರತ್ತಿನ ಗೊಡವೆಯೇ ಇಲ್ಲ. ಬೋರು ನಿನ್ನಿಷ್ಟ, ಹೊಡೆತ ಮಾತ್ರ ನಮ್ಮಿಷ್ಟ ಅನ್ನುತ್ತದೆ ಇವರ 1968ರ ಕಾಯ್ದೆ. (ಸ್ಕಾಟ್‌ಲೆಂಡಿನ ದಾರಿ ಬೇರೆ. ಅಲ್ಲಿ 2016ರ ಕೊನೆಯಿಂದ ಯಾವ ಏರ್‌ಗನ್ನಿಗಾದರೂ ಸರ್ಟಿಫಿಕೇಟ್ ಬೇಕು.)

ಇಷ್ಟು ಪೀಠಿಕೆ ಯಾಕೆಂದರೆ, ಚನ್ನಗಿರಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ತನ್ನ 4.5ರ ಏರ್‌ಗನ್ನನ್ನು 5.5 ಮಾಡಿಸುವ ಯೋಚನೆಯಲ್ಲಿದ್ದಾನೆ. "ಏನಿಲ್ಲಪಾ, ಲೇತ್ನಾಗೆ ಕೊರೆಸಿಬಿಟ್ರೆ ಆತು, ನಿಮ್ ಇಂಗ್ಲೆಂಡ್ನಾಗೆ ಎಲ್ರೂ ಮಾಡ್ತಾರಂತಲ್ಲ" ಅಂತ ಫೋನಿನಲ್ಲಿ ನನಗೇ ಹೇಳಿದ.

ಮಾಡುತ್ತಾರೆ, ಹೌದು. ಆದರೆ ಕೊರೆಸುವುದಿಲ್ಲ. ಇಲ್ಲಿ 4.5ನ್ನು 5.5 ಮಾಡುವುದು ಅಂದರೆ ಬ್ಯಾರಲ್ಲನ್ನೇ ಬದಲಿಸುವುದು. ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಗನ್ನಿಗೆ ಅದೇ ಮಾಡೆಲ್ಲಿನ 5.5 ಬ್ಯಾರಲ್ ತರುತ್ತಾರೆ, ಬುಡದ ಸೀಲ್ ಹೊಸದು ಹಾಕುತ್ತಾರೆ, ಗಾಳಿ ಬರುವ ತೂತು ಬ್ಯಾರಲ್ಲಿನ ಬಾಯಿಗೆ ನೇರ ಕೂರುತ್ತದೆಯೇ ನೋಡುತ್ತಾರೆ, ಆಮೇಲೆ ಗುರಿ ಹೊಸದಾಗಿ ಕೂಡಿಸುತ್ತಾರೆ. ಸಿಲಿಂಡರಿನಲ್ಲಿ ಗಾಳಿ ತುಂಬಿಡುವ ಪಿಸಿಪಿ ಗನ್ನಾದರೆ ಕೆಲಸ ಜಾಸ್ತಿ. ಬ್ಯಾರಲ್ ಜೊತೆಗೆ ಪೆಲೆಟ್ಟನ್ನು ಒಳಕ್ಕೆ ತಳ್ಳುವ ಕಡ್ಡಿ ಬದಲಾಗಬೇಕು, ಮ್ಯಾಗಜೀನ್ ಬದಲಾಗಬೇಕು, ಎಷ್ಟೋ ಸಲ ಗಾಳಿಯ ತೂತಿನ ಅಳತೆಯೂ ಬದಲಾಗಬೇಕು.

ಲೇತಿನ ಮೇಲೆ ಕೊರೆದರೆ ಏನಾಗುತ್ತದೆ ಅನ್ನುವುದನ್ನು ಅಣ್ಣನಿಗೆ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಏರ್ ರೈಫಲ್ಲಿನ ಪೆಲೆಟ್ ಡಮರುವಿನ ಆಕಾರದ ಸೀಸದ ತುಂಡು: ನಡು ಸಣ್ಣ, ಹಿಂದೆ ತೆಳ್ಳಗಿನ ಲಂಗದಂಥ ಅಂಚು. ಗಾಳಿ ಬಡಿದಾಗ ಆ ಅಂಚು ಅಗಲಿಸಿ ಬ್ಯಾರಲ್ಲಿನ ಒಳಗಿನ ಸುರುಳಿ ಗೆರೆಗಳನ್ನು, ಅಂದರೆ ರೈಫ್ಲಿಂಗನ್ನು, ಕಚ್ಚಿಕೊಳ್ಳುತ್ತದೆ, ತಿರುಗುತ್ತ ಹೊರಬರುತ್ತದೆ. ಗುರಿ ನಿಲ್ಲುವುದೇ ಆ ತಿರುಗಿನಿಂದ. ನಾಲ್ಕೂವರೆ ಎಂಎಂ ತೂತನ್ನು ಐದೂವರೆಗೆ ಕೊರೆದ ದಿನ ಆ ಗೆರೆಗಳೆಲ್ಲ ಪುಡಿಯಾಗಿ ಟ್ರೇಯಲ್ಲಿ ಬಿದ್ದಿರುತ್ತವೆ. ಉಳಿಯುವುದು ನುಣ್ಣನೆಯ ಪೈಪು. ಅಷ್ಟು ಉದ್ದದ, ಅಷ್ಟು ಸಣ್ಣ ತೂತನ್ನು ವಾಲದಂತೆ ನೇರ ಕೊರೆಯುವುದೇ ಬೇರೆ ಯಂತ್ರದ ಕೆಲಸ. ಮಿಲ್ಲುಗಳ ಕಾಲದಿಂದ ದಾವಣಗೆರೆಯಲ್ಲಿ ಲೇತ್ ಕೆಲಸದವರ ಕೈಗುಣ ದೊಡ್ಡದು, ಒಪ್ಪುತ್ತೇನೆ. ಆದರೂ ಇದು ಪಂಪ್‌ಸೆಟ್ಟಿನ ಶಾಫ್ಟ್ ಅಲ್ಲ.

ಇನ್ನು ಕಾನೂನು. 1959ರ ಆರ್ಮ್ಸ್ ಆ್ಯಕ್ಟಿನ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಮಾತ್ರವಲ್ಲ, ಪರಿವರ್ತಿಸುವುದಕ್ಕೆ, ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. 5.5 ಆದ ಕ್ಷಣ ಅಣ್ಣನ ಏರ್‌ಗನ್ ಲೈಸೆನ್ಸ್ ಬೇಕಾದ ಆಯುಧದ ಸಾಲಿಗೆ ಸೇರುತ್ತದೆ. ಕೊರೆದುಕೊಟ್ಟ ಲೇತಿನವನೂ ಜೊತೆಗೆ ಸಿಕ್ಕಿಕೊಳ್ಳುತ್ತಾನೆ. ಅದಕ್ಕೆ ಡಿಸಿ ಕಚೇರಿಯಿಂದ ಲೈಸೆನ್ಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಆಗ ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಒಯ್ದು ಡೆಪಾಸಿಟ್ ಮಾಡುವ ಸಾಲಿನಲ್ಲಿ ಅಣ್ಣನೂ ನಿಲ್ಲಬೇಕು. ಬೆಳೆ ಕಾಯಲು ಬಂದೂಕಿಟ್ಟ ರೈತರು ಆ ಗೋಳನ್ನು ಪ್ರತಿ ಚುನಾವಣೆಯಲ್ಲೂ ಹೇಳಿಕೊಳ್ಳುತ್ತಾರೆ. ಈಗ ಕೈಯಲ್ಲಿರುವ 4.5ಕ್ಕೆ ಆ ತಲೆಬಿಸಿ ಇಲ್ಲ.

ಇಷ್ಟೆಲ್ಲ ಮಾಡಿ ಸಿಗುವುದಾದರೂ ಏನು? ಊರಲ್ಲಿ ಎಲ್ಲರ ತಲೆಯಲ್ಲಿ ಕೂತಿರುವುದು "ದೊಡ್ಡ ಬೋರು, ದೊಡ್ಡ ಏಟು" ಅಂತ. ಸ್ಪ್ರಿಂಗ್ ಗನ್ನಿನಲ್ಲಿ ಶಕ್ತಿ ಇರುವುದು ಸ್ಪ್ರಿಂಗಿನಲ್ಲಿ. ಬ್ಯಾರಲ್ ಬದಲಿಸಿದರೆ ಸ್ಪ್ರಿಂಗ್ ಬೆಳೆಯುವುದಿಲ್ಲ. ಅದೇ 12 ಫುಟ್‌ಪೌಂಡಿನಲ್ಲಿ ಅರ್ಧ ಗ್ರಾಮಿಗಿಂತ ಚೂರು ಜಾಸ್ತಿ ತೂಗುವ 4.5ರ ಪೆಲೆಟ್ ಸೆಕೆಂಡಿಗೆ ಸುಮಾರು 245 ಮೀಟರ್ ವೇಗದಲ್ಲಿ ಹೊರಟರೆ, ಒಂದು ಗ್ರಾಮಿನ 5.5ರ ಪೆಲೆಟ್ 180ರ ಆಸುಪಾಸಿನಲ್ಲಿ ಹೊರಡುತ್ತದೆ. ನಿಧಾನ ಹೋಗುವುದು ದಾರಿಯಲ್ಲಿ ಹೆಚ್ಚು ಇಳಿಯುತ್ತದೆ. ಅದೇ ದೂರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. ದೂರದ ಅಂದಾಜು ನಾಲ್ಕು ಮಾರು ತಪ್ಪಿದರೆ ಗುರಿ ಹೋಯಿತು. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ 4.5 ಎಂಎಂದೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದದ್ದು ಅದೇ ಬೋರಿನಲ್ಲಿ. ಆ ಗುರಿಹಾಳೆಯ ಹತ್ತರ ಚುಕ್ಕೆ ಅರ್ಧ ಎಂಎಂ ಅಷ್ಟೆ.

ಪಿಸಿಪಿಯ ಕಥೆ ಬೇರೆ. ಅಲ್ಲಿ ಬೋರು ಅಗಲವಾದಷ್ಟೂ ಅದೇ ಗಾಳಿಗೆ ತಳ್ಳಲು ಜಾಗ ಹೆಚ್ಚು ಸಿಗುತ್ತದೆ. 4.5ರಿಂದ 5.5ಕ್ಕೆ ಹೋದರೆ ಪೆಲೆಟ್ಟಿನ ಬೆನ್ನಿನ ವಿಸ್ತೀರ್ಣ ಒಂದೂವರೆ ಪಟ್ಟು. ಹಾಗಾಗಿ ಬರೀ ಬ್ಯಾರಲ್ ಬದಲಿಸಿದರೂ ಹೊಡೆತ ತಾನಾಗಿ ಏರುತ್ತದೆ. ಇಲ್ಲಿಯವರು ನಿಜವಾಗಿ ಹೆದರುವುದು ಇದಕ್ಕೇ. ಹನ್ನೊಂದೂವರೆ ಫುಟ್‌ಪೌಂಡಿಗೆ ನಿಂತಿದ್ದ ಗನ್ನು ಬ್ಯಾರಲ್ ಬದಲಾದ ಮೇಲೆ ಹನ್ನೆರಡು ದಾಟಿದರೆ, ಅದು ಪೊಲೀಸ್ ಸರ್ಟಿಫಿಕೇಟ್ ಬೇಕಾದ ಬಂದೂಕು. ಇಲ್ಲದೆ ಮನೆಯಲ್ಲಿ ಇಟ್ಟುಕೊಂಡದ್ದೇ ಅಪರಾಧ. ಗೊತ್ತಿರಲಿಲ್ಲ ಅನ್ನುವ ಮಾತು ನಡೆಯುವುದಿಲ್ಲ. ಆದ್ದರಿಂದ ಕನ್ವರ್ಷನ್ ಮುಗಿಸಿದವನು ಮೊದಲು ಮಾಡುವ ಕೆಲಸ ಕ್ರೋನೋಗ್ರಾಫಿನ ಮುಂದೆ ಹೊಡೆದು ನೋಡುವುದು. ಎರಡು ಸೆನ್ಸರುಗಳ ನಡುವೆ ಪೆಲೆಟ್ ಹಾದು ಹೋಗುತ್ತದೆ, ಯಂತ್ರ ವೇಗ ತೋರಿಸುತ್ತದೆ, ಪೆಲೆಟ್ಟಿನ ತೂಕ ಗೊತ್ತಿದ್ದರೆ ಲೆಕ್ಕ ಹೈಸ್ಕೂಲಿನದು. ಬೇರೆ ಬೇರೆ ತೂಕದ ಪೆಲೆಟ್ ಹಾಕಿ ನೋಡುತ್ತಾರೆ, ಯಾಕೆಂದರೆ ಪಿಸಿಪಿಯಲ್ಲಿ ಭಾರದ ಪೆಲೆಟ್ಟಿಗೆ ಹೊಡೆತ ಹೆಚ್ಚು ಬರುವುದುಂಟು. ಫೀಲ್ಡ್ ಟಾರ್ಗೆಟ್ ಸ್ಪರ್ಧೆಗೆ ಹೋದರೆ ಅಲ್ಲೂ ಕ್ರೋನೋಗ್ರಾಫ್ ಇಟ್ಟಿರುತ್ತಾರೆ; ಮಿತಿ ದಾಟಿದ ಗನ್ನಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ.

ನನಗೆ ನಮ್ಮವರಲ್ಲಿ ಕಾಣದಿರುವುದು ಈ ಅಳೆಯುವ ಅಭ್ಯಾಸ. ನಮ್ಮ ರೂಲ್ಸು 20 ಜೂಲ್ ಅನ್ನುತ್ತದೆ. ಆ ಜೂಲನ್ನು ದಾವಣಗೆರೆಯಲ್ಲಿ, ಚಿತ್ರದುರ್ಗದಲ್ಲಿ ಯಾರು ಅಳೆದಿದ್ದಾರೆ? ಗನ್ನಿನ ಜೋರನ್ನು ಹಲಗೆಯಲ್ಲಿ ಎಷ್ಟು ಇಳಿಯಿತು, ಸದ್ದು ಎಷ್ಟು ಬಂತು ಅಂತ ಅಂದಾಜು ಮಾಡುತ್ತೇವೆ. ಬೋರಿನ ಮಿತಿಯನ್ನು ಯಾಕೆ ಇಟ್ಟರು ಅನ್ನುವುದಕ್ಕೆ ನನ್ನದೊಂದು ಊಹೆ: ಬೋರನ್ನು ಯಾವ ಪೇದೆಯಾದರೂ ಒಂದು ಸ್ಕೇಲ್ ಹಿಡಿದು ನೋಡಿಬಿಡಬಹುದು, ಜೂಲಿಗೆ ಯಂತ್ರ ಬೇಕು. ಆಡಳಿತಕ್ಕೆ ಅದು ಸುಲಭ. ಆದರೆ ತರ್ಕಕ್ಕೆ ಕೂರುವುದಿಲ್ಲ. 19 ಜೂಲಿನ 4.5 ಗನ್ನು ಯಾರ ಕೈಯಲ್ಲಾದರೂ ಇರಬಹುದಂತೆ, 10 ಜೂಲಿನ 5.5ಕ್ಕೆ ಲೈಸೆನ್ಸ್ ಬೇಕಂತೆ! ಬೋರಿನ ಷರತ್ತು ಹೋಗಿ ಇಂಗ್ಲೆಂಡಿನಂತೆ ಹೊಡೆತದ ಮಿತಿ ಒಂದೇ ಇರಲಿ, ಬೇಕಾದರೆ ಇಪ್ಪತ್ತನ್ನು ಹದಿನಾರಕ್ಕೆ ಇಳಿಸಲಿ ಅನ್ನುವವನು ನಾನು. ಆದರೆ ಅಳೆಯುವ ಯಂತ್ರ ಮಾರುವ ಅಂಗಡಿಯಲ್ಲೂ ಸ್ಟೇಷನ್ನಿನಲ್ಲೂ ಬರುವ ತನಕ ಬೋರಿನ ಷರತ್ತು ತೆಗೆಯಬೇಡಿ ಅಂತಲೂ ಅನ್ನುತ್ತೇನೆ. ಈಗ ನಿಜವಾಗಿ ಜಾರಿಯಲ್ಲಿರುವುದು ಅದೊಂದೇ. ಕ್ರೋನೋಗ್ರಾಫಿನ ಬೆಲೆಯೇನೂ ದೊಡ್ಡದಲ್ಲ, ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆಗೆ ಸಿಗುತ್ತದೆ. ಪೆಲೆಟ್ ತೂಗಲು ಚಿನ್ನದಂಗಡಿಯ ತಕ್ಕಡಿ ಸಾಕು.

ಬಳಕೆಯಲ್ಲೂ ಎರಡು ಊರುಗಳ ನಡುವೆ ಅಂತರವಿದೆ. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲ ಪಬ್ಬುಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಒಂದು ಆಟವಿದೆ: ಕಬ್ಬಿಣದ ತಟ್ಟೆಯ ನಡುವೆ ಅರ್ಧ ಇಂಚಿಗಿಂತ ಸಣ್ಣ ತೂತು, ಅದರ ಹಿಂದೆ ಗಂಟೆ. ಕೆಲವೇ ಗಜ ದೂರದಿಂದ ಹೊಡೆದು ಗಂಟೆ ಬಾರಿಸಬೇಕು. ನಮ್ಮ ದುರ್ಗಾಂಬಿಕೆ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಗಳ ಮುಂದೆ ಹುಡುಗರು ಮುಗಿಬೀಳುವುದೂ ಅದೇ ಖುಷಿಗೆ. ಅಲ್ಲಿಯವರೆಗೆ ಇಬ್ಬರೂ ಒಂದೇ. ಆಮೇಲೆ ಬೇರೆ. ಇಲ್ಲಿನ ರೈತ ತನ್ನ ಜಮೀನಿನಲ್ಲಿ ಇಲಿ, ಬೂದು ಅಳಿಲನ್ನು ಏರ್ ರೈಫಲ್ಲಿನಿಂದ ಹೊಡೆಯಬಹುದು, ಕಾನೂನು ಬಿಡುತ್ತದೆ, 5.5 ಬೇಕು ಅನ್ನುವವರಲ್ಲಿ ಬಹಳ ಜನ ಅಂಥವರು. ನಮ್ಮಲ್ಲಿ ತೋಟಕ್ಕೆ ಬರುವುದು ಕೋತಿ, ನವಿಲು. ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನವಿಲಿಗೆ ತಾಗಿದರೆ ಜೈಲೇ. ಕೋತಿಯ ಮೈಯಲ್ಲಿ ಸೀಸದ ತುಂಡು ಕೂತರೆ ಅದು ವಾರಗಟ್ಟಲೆ ನರಳಿ ಸಾಯುತ್ತದೆ; ಹಿಂಡು ಮಾತ್ರ ಮಾರನೆ ದಿನ ಮತ್ತೆ ತೋಟದಲ್ಲಿರುತ್ತದೆ. 4.5ರಿಂದ ಆಗದ ಕೆಲಸ 5.5ರಿಂದಲೂ ಆಗುವುದಿಲ್ಲ. 2021ರಲ್ಲಿ ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ ಒಪ್ಪಿಸಿ ಅಂತ ಸರ್ಕಾರವೇ ಅಭಿಯಾನ ಶುರುಮಾಡಿತು, ಕಾಡಿನ ಹಕ್ಕಿ ಉಳಿಸಲಿಕ್ಕೆ. ನಮ್ಮ ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಯ ಅಭಯಾರಣ್ಯವಿದೆ, ಚಿತ್ರದುರ್ಗದ ಪಕ್ಕದಲ್ಲೇ ಜೋಗಿಮಟ್ಟಿ ಕಾಡು ಇದೆ. ಅಂಥ ಜಾಗದ ಅಂಚಿನ ಹಳ್ಳಿಗಳಲ್ಲಿ ಲೇತಿನಿಂದ ಇಳಿದ 5.5 ಗನ್ನುಗಳು ಓಡಾಡುವುದು ನನಗೆ ಬೇಡ.

ಅಣ್ಣನಿಗೆ ಹೇಳಿದ್ದು ಇಷ್ಟು. ಬ್ಯಾರಲ್ ಮುಟ್ಟಬೇಡ. ಸವೆದ ವಾಷರ್ ಬದಲಿಸಬೇಕಿದ್ದರೆ ಲೈಸೆನ್ಸ್ ಇರುವ ಗನ್ ಅಂಗಡಿಯವರ ಹತ್ತಿರ ಒಯ್ಯಿ. ಒಳ್ಳೆಯ ಪೆಲೆಟ್ ತರಿಸು, ಅಗ್ಗದ ಡಬ್ಬಿಯಲ್ಲಿ ಒಂದೊಂದರ ತೂಕ ಒಂದೊಂದು ಥರ ಇರುತ್ತದೆ. ಮುಂದಿನ ಸಲ ಬರುವಾಗ ಕ್ರೋನೋಗ್ರಾಫ್ ನಾನೇ ತರುತ್ತೇನೆ. "ತಗಂಬಾ, ನೋಡಾನ. ಆದ್ರೆ ಕೋತಿಗೆ ಏನ್ ಮಾಡ್ಲಿ ಅದನ್ನ ಹೇಳು" ಅಂದ. ಅದಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಉತ್ತರ ಇಲ್ಲ, ಇಲ್ಲಿ ಕೋತಿಗಳೇ ಇಲ್ಲ.